ಒಂದು ಹೆಸರು, ಹಲವು ಅಳತೆ: ಗಣಕದ ಪೂರ್ಣಾಂಕಗಳು ಗಡಿ ದಾಟುವ ಬಗೆ

ಸೇರು, ಪಾವು ಎಂಬ ಮಾತುಗಳನ್ನು ಕೇಳದ ಹಿರಿಯರು ನಮ್ಮ ಕಾಸರಗೋಡಿನ ಕಡೆಯಲ್ಲಿ ಇರಲಾರರು. ಅಕ್ಕಿ, ಹುರುಳಿ, ಉಪ್ಪು ಮೊದಲಾದುವನ್ನೆಲ್ಲ ಹೀಗೆ ಅಳೆದು ಕೊಡುತ್ತಿದ್ದ ಕಾಲವೊಂದಿತ್ತು. ಆದರೆ ಸೇರು ಎಂಬ ಹೆಸರು ಒಂದೇ ಆದರೂ ಅಳತೆ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಒಂದು ಸೀಮೆಯ ಸೇರು ಮತ್ತೊಂದು ಸೀಮೆಯ ಸೇರಿಗಿಂತ ಹಿರಿದಾಗಿಯೋ ಕಿರಿದಾಗಿಯೋ ಇರುತ್ತಿತ್ತು. ಪರಸ್ಥಳದಿಂದ ಧಾನ್ಯ ತರಿಸುವವನು ‘ಎಷ್ಟು ಸೇರು?’ ಎಂದು ಕೇಳಿದರೆ ಸಾಲುತ್ತಿರಲಿಲ್ಲ. ‘ಯಾವ ಊರಿನ ಸೇರು?’ ಎಂದೂ ಕೇಳಬೇಕಾಗುತ್ತಿತ್ತು. 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣೀಕರಣದ ಕಾಯಿದೆ ಬಂದು, ಮುಂದಿನ ಕೆಲವು ವರ್ಷಗಳಲ್ಲಿ ಹಂತ ಹಂತವಾಗಿ ದೇಶವೆಲ್ಲ ಮೆಟ್ರಿಕ್ ಪದ್ಧತಿಗೆ ಬಂದ ಮೇಲೆ ಈ ತೊಡಕು ತೀರಿತು. ಅದೇ 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳ ರಾಜ್ಯಕ್ಕೆ ಸೇರಿತೆಂಬುದನ್ನು ಈ ಸಂಚಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ.

ಗಣಕಯಂತ್ರದ ಲೋಕದಲ್ಲಿ ಮಾತ್ರ ಈ ಸೇರಿನ ಸಮಸ್ಯೆ ಇಂದಿಗೂ ತೀರಿಲ್ಲ. ಅಲ್ಲಿ ಪೂರ್ಣಾಂಕಗಳನ್ನು ತುಂಬಿಡುವ ಪಾತ್ರೆಗಳಿಗೆ ಹೆಸರುಗಳಿವೆ. ಹೆಸರು ಎಲ್ಲ ಯಂತ್ರಗಳಲ್ಲಿಯೂ ಒಂದೇ, ಪಾತ್ರೆಯ ಗಾತ್ರ ಮಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದು ಯಂತ್ರದಲ್ಲಿ ಕುಳಿತು ಇನ್ನೊಂದು ಯಂತ್ರಕ್ಕಾಗಿ ಕ್ರಮವಿಧಿಯನ್ನು ಸಿದ್ಧಪಡಿಸುವಾಗ ಈ ಭೇದದಿಂದ ಆಗುವ ಅನಾಹುತಗಳು ಒಂದೆರಡಲ್ಲ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯಲ್ಲಿರುವವರು ಹಲವರಿದ್ದಾರೆ. ಈಗಿನ ವಿದ್ಯಾರ್ಥಿಗಳಲ್ಲಿ ಅದನ್ನು ಹಿಡಿಯುವವರು ಇನ್ನೂ ಹೆಚ್ಚು. ವಿಷಯವನ್ನು ಕನ್ನಡದಲ್ಲಿಯೇ ಬುಡದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಗಣಕ ಎಣಿಸುವ ಬಗೆ

ನಾವು ಹತ್ತರ ಪದ್ಧತಿಯಲ್ಲಿ ಎಣಿಸುತ್ತೇವೆ. ಗಣಕವು ಎರಡರ ಪದ್ಧತಿಯಲ್ಲಿ ಎಣಿಸುತ್ತದೆ. ಅದಕ್ಕೆ ತಿಳಿದಿರುವ ಅಂಕಿಗಳು ಸೊನ್ನೆ ಮತ್ತು ಒಂದು ಮಾತ್ರ. ಇಂಥ ಒಂದು ಅಂಕಿಯ ಸ್ಥಾನವೇ ಬಿಟ್. ಎಂಟು ಬಿಟ್‌ಗಳ ಗುಂಪು ಸಾಮಾನ್ಯವಾಗಿ ಒಂದು ಬೈಟ್. ಒಂದು ಬೈಟಿನಲ್ಲಿ ಎರಡರ ಎಂಟನೆಯ ಘಾತ, ಎಂದರೆ 256 ಬಗೆಯ ಜೋಡಣೆಗಳು ಸಾಧ್ಯ. ಅದರಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳನ್ನು ಇಡಬಹುದು. ಋಣ ಸಂಖ್ಯೆಗಳೂ ಬೇಕೆಂದರೆ ಅರ್ಧ ಸ್ಥಳವನ್ನು ಅವುಗಳಿಗೆ ಬಿಟ್ಟುಕೊಟ್ಟು −128ರಿಂದ 127ರವರೆಗೆ ಇಡಬಹುದು. ಮೊದಲನೆಯದನ್ನು ಚಿಹ್ನೆರಹಿತ ಪೂರ್ಣಾಂಕವೆಂದೂ ಎರಡನೆಯದನ್ನು ಚಿಹ್ನೆಸಹಿತ ಪೂರ್ಣಾಂಕವೆಂದೂ ಕರೆಯೋಣ.

16 ಬಿಟ್‌ಗಳ ಚಿಹ್ನೆಸಹಿತ ಪಾತ್ರೆಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. 32 ಬಿಟ್‌ಗಳಾದರೆ 214,74,83,647. 64 ಬಿಟ್‌ಗಳಾದರೆ ಅದು 19 ಅಂಕಿಗಳ ಸಂಖ್ಯೆ. ನಿತ್ಯದ ಯಾವ ಎಣಿಕೆಗೂ ಧಾರಾಳವಾಗಿ ಸಾಕು.

ಪಾತ್ರೆ ತುಂಬಿದ ಮೇಲೆ ಇನ್ನೂ ಒಂದನ್ನು ಸೇರಿಸಿದರೆ ಏನಾಗುತ್ತದೆ? ಹಳೆಯ ಬಸ್ಸಿನ ದೂರಮಾಪಕ 99,999 ಕಿಲೋಮೀಟರ್ ತೋರಿಸಿದ ಬಳಿಕ ಮತ್ತೆ 00,000ಕ್ಕೆ ಬರುವಂತೆ ಗಣಕದ ಪಾತ್ರೆಯೂ ಸುತ್ತು ಹೊಡೆಯುತ್ತದೆ. ಚಿಹ್ನೆಸಹಿತ ಪಾತ್ರೆಯಲ್ಲಿ ಇದು ಇನ್ನೂ ವಿಪರೀತ. 32,767ಕ್ಕೆ ಒಂದು ಕೂಡಿಸಿದಾಗ ಸಾಮಾನ್ಯವಾಗಿ ದೊರೆಯುವುದು −32,768. ಹೊರಗೆ ಚೆಲ್ಲಿದ ಅಕ್ಕಿ ಕಣ್ಣಿಗೆ ಕಾಣುತ್ತದೆ. ಗಣಕದಲ್ಲಿ ಚೆಲ್ಲಿದ ಬಿಟ್ ಕಾಣುವುದಿಲ್ಲ. ಉಳಿದ ಲೆಕ್ಕವು ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ.

ಹೆಸರು ಒಂದೇ, ಗಾತ್ರ ಬೇರೆ

ಬೆಲ್ ಲ್ಯಾಬೊರೇಟರೀಸ್‌ನಲ್ಲಿ ಡೆನಿಸ್ ರಿಚಿಯವರು 1970ರ ದಶಕದ ಆರಂಭದಲ್ಲಿ ರೂಪಿಸಿದ ‘ಸಿ’ ಭಾಷೆಯಲ್ಲಿ ಪೂರ್ಣಾಂಕದ ಪಾತ್ರೆಗಳಿಗೆ ಚಾರ್, ಶಾರ್ಟ್, ಇಂಟ್, ಲಾಂಗ್ ಎಂಬ ಹೆಸರುಗಳಿವೆ. ಇಂಟ್ ಎಂಬುದು ಆಯಾ ಯಂತ್ರಕ್ಕೆ ಸಹಜವಾದ ಗಾತ್ರದ್ದಾಗಿರಲಿ ಎಂಬುದು ಮೂಲ ಕಲ್ಪನೆ. ಯಂತ್ರಕ್ಕೆ ಒಗ್ಗುವ ಗಾತ್ರದಲ್ಲಿ ಲೆಕ್ಕ ಮಾಡಿದರೆ ವೇಗ ಹೆಚ್ಚೆಂಬ ಕಾರಣದಿಂದ ಇದು ತಪ್ಪೇನೂ ಅಲ್ಲ. 1978ರಲ್ಲಿ ಬ್ರಯನ್ ಕರ್ನಿಹನ್ ಮತ್ತು ರಿಚಿಯವರು ಆ ಭಾಷೆಯ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿಯೇ ಇದರ ಒಂದು ಕೋಷ್ಟಕವಿದೆ. ಪಿಡಿಪಿ-11 ಯಂತ್ರದಲ್ಲಿ ಇಂಟ್ 16 ಬಿಟ್. ಐಬಿಎಂ 370ರಲ್ಲಿ 32 ಬಿಟ್. ಹನಿವೆಲ್ 6000ದಲ್ಲಿ 36 ಬಿಟ್. ಆ ಹನಿವೆಲ್ ಯಂತ್ರದಲ್ಲಿ ಚಾರ್ ಕೂಡ ಎಂಟು ಬಿಟ್ ಅಲ್ಲ, ಒಂಬತ್ತು!

ಬಳಿಕ ಬಂದ ‘ಸಿ’ ಭಾಷೆಯ ಪ್ರಮಾಣ ಗ್ರಂಥವು ಕನಿಷ್ಠ ಮಿತಿಗಳನ್ನು ಮಾತ್ರ ವಿಧಿಸಿತು. ಇಂಟ್ 16 ಬಿಟ್‌ಗಿಂತ ಕಡಿಮೆ ಇರಕೂಡದು, ಲಾಂಗ್ 32 ಬಿಟ್‌ಗಿಂತ ಕಡಿಮೆ ಇರಕೂಡದು. ಅದಕ್ಕಿಂತ ಹೆಚ್ಚು ಎಷ್ಟು ಎಂಬುದು ಕಂಪೈಲರ್ ರಚಿಸುವವರ ಇಚ್ಛೆಗೆ ಬಿಟ್ಟದ್ದು. ಇಂದು ಬಳಕೆಯಲ್ಲಿರುವ ಮುಖ್ಯ ಪದ್ಧತಿಗಳನ್ನು ಹೀಗೆ ಸಂಗ್ರಹಿಸಬಹುದು:

ಎಂಟು ಬಿಟ್‌ನ ಎವಿಆರ್ ಚಿಪ್‌ಗಳು: ಇಂಟ್ 16, ಲಾಂಗ್ 32, ವಿಳಾಸ 16 ಬಿಟ್.
32 ಬಿಟ್‌ನ ಲಿನಕ್ಸ್ ಯಂತ್ರಗಳು: ಇಂಟ್ 32, ಲಾಂಗ್ 32, ವಿಳಾಸ 32 ಬಿಟ್.
64 ಬಿಟ್‌ನ ಲಿನಕ್ಸ್ ಯಂತ್ರಗಳು: ಇಂಟ್ 32, ಲಾಂಗ್ 64, ವಿಳಾಸ 64 ಬಿಟ್.
64 ಬಿಟ್‌ನ ವಿಂಡೋಸ್ ಯಂತ್ರಗಳು: ಇಂಟ್ 32, ಲಾಂಗ್ 32, ವಿಳಾಸ 64 ಬಿಟ್.

ಕೊನೆಯ ಎರಡು ಸಾಲುಗಳನ್ನು ಗಮನಿಸಬೇಕು. ಯಂತ್ರವೂ ಒಂದೇ, ಅದರ ಚಿಪ್ಪೂ ಒಂದೇ; ಕಾರ್ಯಾಚರಣ ವ್ಯವಸ್ಥೆ ಬೇರೆಯಾದುದರಿಂದಲೇ ಲಾಂಗ್‌ನ ಗಾತ್ರ ಇಮ್ಮಡಿಯಾಯಿತು. ಸ್ಮೃತಿಯಲ್ಲಿನ ಒಂದು ಸ್ಥಳದ ವಿಳಾಸವನ್ನು ಲಾಂಗ್‌ನಲ್ಲಿ ಬರೆದಿಡುವ ಹಳೆಯ ರೂಢಿಯವರಿಗೆ ಲಿನಕ್ಸ್‌ನಲ್ಲಿ ಏನೂ ತೊಂದರೆಯಾಗದು. ಅದೇ ಕ್ರಮವಿಧಿ ವಿಂಡೋಸ್‌ಗೆ ಹೋದೊಡನೆ 64 ಬಿಟ್‌ನ ವಿಳಾಸದ ಅರ್ಧ ಭಾಗ ಕತ್ತರಿಸಿಹೋಗುತ್ತದೆ. ಪಿನ್‌ಕೋಡಿನ ಕೊನೆಯ ಮೂರು ಅಂಕಿಗಳನ್ನಷ್ಟೇ ಬರೆದು ಕಾಗದವನ್ನು ಅಂಚೆಗೆ ಹಾಕಿದಂತೆ. ಅದು ಎಲ್ಲಿಗಾದರೂ ಹೋದೀತು, ತಲುಪಬೇಕಾದಲ್ಲಿಗೆ ಮಾತ್ರ ಹೋಗದು.

ಕ್ರಾಸ್ ಕಂಪೈಲಿಂಗ್ ಎಂದರೇನು?

ಮನುಷ್ಯರು ಓದಬಲ್ಲ ಕ್ರಮವಿಧಿಯನ್ನು ಯಂತ್ರಕ್ಕೆ ತಿಳಿಯುವ ಸಂಕೇತಗಳಿಗೆ ಪರಿವರ್ತಿಸುವ ಸಾಧನವೇ ಕಂಪೈಲರ್. ಸಾಮಾನ್ಯವಾಗಿ ಯಾವ ಯಂತ್ರದಲ್ಲಿ ಕಂಪೈಲ್ ಮಾಡುತ್ತೇವೆಯೋ ಅದೇ ಯಂತ್ರದಲ್ಲಿ ಕ್ರಮವಿಧಿಯನ್ನು ಓಡಿಸುತ್ತೇವೆ. ಆದರೆ ಪಂಪಿನ ನಿಯಂತ್ರಕ, ಬಟ್ಟೆ ಒಗೆಯುವ ಯಂತ್ರ, ವಿದ್ಯುತ್ ಮೀಟರು ಇಂಥವುಗಳೊಳಗಿನ ಪುಟ್ಟ ಚಿಪ್ಪುಗಳಲ್ಲಿ ಕಂಪೈಲರ್ ಓಡುವಷ್ಟು ಸ್ಥಳವೇ ಇಲ್ಲ. ಹವ್ಯಾಸಿಗಳಿಗೆ ಪ್ರಿಯವಾದ ಆರ್ಡುಯಿನೊ ಉನೊ ಹಲಗೆಯ ಚಿಪ್ಪಿನಲ್ಲಿರುವ ತಾತ್ಕಾಲಿಕ ಸ್ಮೃತಿ ಕೇವಲ 2 ಕಿಲೋಬೈಟ್. ಹೀಗಾಗಿ ದೊಡ್ಡ ಗಣಕದಲ್ಲಿ ಕುಳಿತು ಸಣ್ಣ ಗಣಕಕ್ಕಾಗಿ ಕಂಪೈಲ್ ಮಾಡಬೇಕಾಗುತ್ತದೆ. ಇದೇ ಕ್ರಾಸ್ ಕಂಪೈಲಿಂಗ್. ಕೆಲಸ ನಡೆಯುವ ಯಂತ್ರವನ್ನು ತವರು ಯಂತ್ರವೆಂದೂ ಕ್ರಮವಿಧಿ ಓಡಬೇಕಾದ ಯಂತ್ರವನ್ನು ಗುರಿ ಯಂತ್ರವೆಂದೂ ಹೆಸರಿಸಿಕೊಳ್ಳೋಣ. ತವರಿನಲ್ಲಿ ಸರಿಯಾಗಿದ್ದುದು ಗುರಿಯಲ್ಲಿಯೂ ಸರಿಯೆಂದು ನಂಬುವುದೇ ಮುಂದಿನ ತೊಂದರೆಗಳಿಗೆಲ್ಲ ಬೀಜ.

ಅಡಿಕೆ ತೋಟದ ಪಂಪು

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಯ ಗ್ರಾಮದ ತರುಣನೊಬ್ಬನು ತನ್ನ ಮಾವನವರ ಅಡಿಕೆ ತೋಟಕ್ಕೆ ಪಂಪಿನ ನಿಯಂತ್ರಕವೊಂದನ್ನು ತಯಾರಿಸಿದ್ದನು. ತಿರುಗಣೆಯೊಂದನ್ನು ತಿರುಗಿಸಿ ನಿಮಿಷಗಳನ್ನು ಗೊತ್ತುಪಡಿಸಿದರೆ ಅಷ್ಟು ಹೊತ್ತು ನೀರು ಹಾಯಿಸಿ ಪಂಪು ತಾನಾಗಿ ನಿಲ್ಲಬೇಕು. ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಅಮೂಲ್ಯವೆಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಲೆಕ್ಕದ ಭಾಗವನ್ನು ಅವನು ಮೊದಲು ತನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದ್ದನು, ಉತ್ತರ ಸರಿಯಿತ್ತು. ಬಳಿಕ ಅದನ್ನೇ ಎವಿಆರ್ ಚಿಪ್ಪಿಗಾಗಿ ಕಂಪೈಲ್ ಮಾಡಿ ಅಳವಡಿಸಿದನು. ಮೊದಲ ದಿನ 15 ನಿಮಿಷಕ್ಕೆ ಇಟ್ಟ ಪಂಪು ಅರ್ಧ ಗಂಟೆ ಕಳೆದರೂ ನಿಲ್ಲಲಿಲ್ಲ. ಮಾವನವರು ಹೋಗಿ ಕೈಯಿಂದ ಸ್ವಿಚ್ಚು ಆರಿಸಿದುದರಿಂದ ಮೋಟಾರು ಉಳಿಯಿತು.

ನಾನು ಆ ಲೆಕ್ಕವನ್ನು ನೋಡಿದಾಗ ಕಾರಣ ಸ್ಪಷ್ಟವಾಯಿತು. ಚಿಪ್ಪು ಕಾಲವನ್ನು ಮಿಲಿಸೆಕೆಂಡುಗಳಲ್ಲಿ ಎಣಿಸುತ್ತದೆ. ನಿಮಿಷಗಳನ್ನು ಮಿಲಿಸೆಕೆಂಡುಗಳಿಗೆ ತರಲು 60ರಿಂದಲೂ 1000ದಿಂದಲೂ ಗುಣಿಸಬೇಕು. 15 × 60 × 1000 = 9,00,000. ಲ್ಯಾಪ್‌ಟಾಪಿನ 32 ಬಿಟ್‌ನ ಇಂಟ್‌ಗೆ ಇದು ಲೆಕ್ಕಕ್ಕಿಲ್ಲದ ಸಣ್ಣ ಸಂಖ್ಯೆ. ಚಿಪ್ಪಿನ 16 ಬಿಟ್‌ನ ಇಂಟ್‌ನಲ್ಲಿ ಇದು ಹಿಡಿಯುವುದಿಲ್ಲ. 9,00,000ದಿಂದ 65,536ನ್ನು ಹದಿಮೂರು ಬಾರಿ ಕಳೆದರೆ ಉಳಿಯುವುದು 48,032. ಅದೂ 32,767ಕ್ಕಿಂತ ಹೆಚ್ಚಾದುದರಿಂದ ಇನ್ನೊಮ್ಮೆ 65,536ನ್ನು ಕಳೆದಂತಾಗಿ −17,504 ಎಂಬ ಋಣ ಸಂಖ್ಯೆಯಾಗುತ್ತದೆ.

ಕಥೆ ಇಲ್ಲಿಗೆ ಮುಗಿಯದು. ಕಳೆದ ಕಾಲವನ್ನು ಚಿಪ್ಪು 32 ಬಿಟ್‌ನ ಚಿಹ್ನೆರಹಿತ ಪಾತ್ರೆಯಲ್ಲಿ ಇಟ್ಟುಕೊಂಡಿರುತ್ತದೆ. ಅದರೊಡನೆ ಹೋಲಿಸುವ ಮುನ್ನ ಈ ಋಣ ಸಂಖ್ಯೆಯೂ ಚಿಹ್ನೆರಹಿತವಾಗಿ ಮಾರ್ಪಡುತ್ತದೆ. ಆಗ ಅದು 429,49,49,792 ಮಿಲಿಸೆಕೆಂಡು, ಎಂದರೆ 49 ದಿನ 17 ಗಂಟೆ! ಕಾಲು ಗಂಟೆ ನಡೆಯಬೇಕಾದ ಪಂಪು ಏಳು ವಾರ ನಡೆಯಲೆಂದು ಚಿಪ್ಪು ನಿಷ್ಠೆಯಿಂದ ತೀರ್ಮಾನಿಸಿತ್ತು.

ಉತ್ತರವನ್ನು ಇಡುವ ಪಾತ್ರೆಯನ್ನು ದೊಡ್ಡದು ಮಾಡಿದರೆ ಸಾಕಲ್ಲವೇ ಎಂದು ಆ ತರುಣನು ಕೇಳಿದನು. ಸಾಲದು. ಗುಣಾಕಾರ ನಡೆಯುವುದು ಸಣ್ಣ ಪಾತ್ರೆಯಲ್ಲಿ. ಅಲ್ಲಿ ಚೆಲ್ಲಿಹೋದುದು ಬಳಿಕ ಹಂಡೆಗೆ ಸುರಿದ ಮಾತ್ರಕ್ಕೆ ಮರಳಿ ಬಾರದು. ಗುಣಿಸುವ ಮೊದಲೇ ಕನಿಷ್ಠ ಒಂದು ಸಂಖ್ಯೆಯನ್ನಾದರೂ 32 ಬಿಟ್‌ಗೆ ಏರಿಸಬೇಕು. ಹಾಗೆ ತಿದ್ದಿದ ಮೇಲೆ ಪಂಪು ಹೇಳಿದ ಹೊತ್ತಿಗೆ ನಿಂತಿತು.

ಮಳೆಯ ದಾಖಲೆ ಕೆಟ್ಟ ಬಗೆ

ಲೆಕ್ಕದಲ್ಲಿ ಮಾತ್ರವಲ್ಲ, ಒಂದು ಯಂತ್ರ ಬರೆದುದನ್ನು ಇನ್ನೊಂದು ಯಂತ್ರ ಓದುವಾಗಲೂ ಇದೇ ತೊಡಕು ಬರುತ್ತದೆ. 64 ಬಿಟ್‌ನ ಲಿನಕ್ಸ್ ಗಣಕವೊಂದು ಮೂರು ದಿನಗಳ ಮಳೆಯನ್ನು 112, 87, 64 ಮಿಲಿಮೀಟರ್ ಎಂದು ಲಾಂಗ್ ಪಾತ್ರೆಗಳಲ್ಲಿಟ್ಟು, ಪಾತ್ರೆಗಳನ್ನು ಇದ್ದಂತೆಯೇ ಕಡತಕ್ಕೆ ಬರೆಯಿತೆಂದುಕೊಳ್ಳೋಣ. ಒಂದೊಂದಕ್ಕೂ ಎಂಟು ಬೈಟ್. ಆ ಕಡತವನ್ನು 32 ಬಿಟ್‌ನ ಸಣ್ಣ ಗಣಕ ತನ್ನ ನಾಲ್ಕು ಬೈಟ್‌ನ ಲಾಂಗ್‌ನಿಂದ ಓದುತ್ತದೆ. ಈ ಯಂತ್ರಗಳಲ್ಲಿ ಸಂಖ್ಯೆಯ ಕಿರಿಯ ಬೈಟ್‌ಗಳು ಮೊದಲು ಬರುವುದರಿಂದ ಅದಕ್ಕೆ ದೊರೆಯುವ ಮೂರು ದಿನಗಳ ಮಳೆ 112, 0, 87. ನಡುವಿನ ದಿನ ಮಳೆಯೇ ಇಲ್ಲ, ಮೂರನೆಯ ದಿನದ ಲೆಕ್ಕ ಕಾಣೆ. ಇಲ್ಲಿ ಯಾವ ಯಂತ್ರವೂ ದೋಷಸೂಚನೆ ನೀಡುವುದಿಲ್ಲ. ಆಷಾಢದಲ್ಲಿ ಒಂದು ದಿನ ಬಿಸಿಲು ಬಿತ್ತೆಂದು ನಂಬುವುದು ಓದುವವನಿಗೆ ಅಸಾಧ್ಯವೇನೂ ಅಲ್ಲ. ಅರ್ಧ ಸರಿಯಾಗಿರುವ ಉತ್ತರವು ಪೂರ್ತಿ ತಪ್ಪಾದ ಉತ್ತರಕ್ಕಿಂತ ಹೆಚ್ಚು ಅಪಾಯಕಾರಿ.

ಕನ್ನಡ ಅಕ್ಷರಕ್ಕೆ ಬಂದ ಋಣ ಚಿಹ್ನೆ

ನಮ್ಮ ಭಾಷೆಗೇ ನೇರವಾಗಿ ತಗಲುವ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಚಾರ್ ಎಂಬ ಒಂದು ಬೈಟ್‌ನ ಪಾತ್ರೆ ಚಿಹ್ನೆಸಹಿತವೋ ಚಿಹ್ನೆರಹಿತವೋ ಎಂಬುದನ್ನು ‘ಸಿ’ ಭಾಷೆಯು ನಿರ್ಧರಿಸಿಲ್ಲ. ನಮ್ಮ ಮೇಜಿನ ಮೇಲಿನ ಇಂಟೆಲ್ ಮಾದರಿಯ ಗಣಕಗಳಲ್ಲಿ ಅದು ಚಿಹ್ನೆಸಹಿತ. ಲಿನಕ್ಸ್ ಓಡುವ ಎಆರ್‌ಎಂ ಯಂತ್ರಗಳಲ್ಲಿ ಸಾಮಾನ್ಯವಾಗಿ ಚಿಹ್ನೆರಹಿತ. ಇಂಗ್ಲಿಷ್ ಅಕ್ಷರಗಳ ಸಂಕೇತಗಳೆಲ್ಲ 127ರೊಳಗೆ ಇರುವುದರಿಂದ ಇಂಗ್ಲಿಷ್ ಬರೆಯುವವನಿಗೆ ಈ ಭೇದವು ಅರಿವಿಗೇ ಬಾರದು. ಆದರೆ ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ‘ಕ’ ಅಕ್ಷರಕ್ಕೆ ಮೂರು ಬೈಟ್‌ಗಳು: 224, 178, 149. ಚಿಹ್ನೆಸಹಿತ ಚಾರ್‌ನಲ್ಲಿ ಇವು −32, −78, −107 ಆಗುತ್ತವೆ. ಅಕ್ಷರದ ಸಂಕೇತವನ್ನೇ ಪಟ್ಟಿಯೊಂದರ ಕ್ರಮಸಂಖ್ಯೆಯಾಗಿ ಬಳಸುವ ಕ್ರಮವಿಧಿಯು ಇಂಗ್ಲಿಷಿಗೆ ಸರಿಯಾಗಿ ನಡೆದು, ಕನ್ನಡದ ಮೊದಲ ಅಕ್ಷರಕ್ಕೇ ಪಟ್ಟಿಯ ಆರಂಭಕ್ಕಿಂತಲೂ ಹಿಂದೆ ಹೋಗಿ ಕುಸಿಯುತ್ತದೆ. ಅದನ್ನೇ ಎಆರ್‌ಎಂ ಯಂತ್ರಕ್ಕಾಗಿ ಕಂಪೈಲ್ ಮಾಡಿದರೆ ಕನ್ನಡವೂ ನಡೆಯುತ್ತದೆ. ‘ಈ ತಂತ್ರಾಂಶಕ್ಕೆ ಕನ್ನಡ ಬಾರದು’ ಎಂದು ನಾವು ಕೈಬಿಟ್ಟಿರುವ ಸಂದರ್ಭಗಳಲ್ಲಿ ಕೆಲವಕ್ಕಾದರೂ ಕಾರಣ ಇಷ್ಟೇ ಇರಬಹುದು. ದೋಷ ಭಾಷೆಯದಲ್ಲ, ಪಾತ್ರೆಯದು. ಅಕ್ಷರಗಳ ಬೈಟ್‌ಗಳನ್ನು ಚಿಹ್ನೆರಹಿತವೆಂದು ಸ್ಪಷ್ಟವಾಗಿ ಬರೆದರೆ ಅದು ತೀರುತ್ತದೆ.

ಕೈಗೆ ಸಿಗದ ಯಂತ್ರವನ್ನು ಅಳೆಯುವುದು

ಎಚ್ಚರವುಳ್ಳ ಕ್ರಮವಿಧಿಕಾರನು ಗಾತ್ರವನ್ನು ಊಹಿಸದೆ ಅಳೆಯುತ್ತಾನೆ. ‘ಲಾಂಗ್ ಎಷ್ಟು ಬೈಟ್?’ ಎಂದು ಮುದ್ರಿಸುವ ಪುಟ್ಟ ಕ್ರಮವಿಧಿಯೊಂದನ್ನು ಮೊದಲು ಓಡಿಸಿ, ಬಂದ ಉತ್ತರವನ್ನು ಮುಖ್ಯ ಕ್ರಮವಿಧಿಗೆ ತಿಳಿಸುವುದು ಹಳೆಯ ಕ್ರಮ. ಕ್ರಾಸ್ ಕಂಪೈಲಿಂಗ್‌ನಲ್ಲಿ ಇದು ಕೈಕೊಡುತ್ತದೆ. ಗುರಿ ಯಂತ್ರಕ್ಕೆಂದು ಕಂಪೈಲ್ ಮಾಡಿದ ಪರೀಕ್ಷೆಯು ತವರು ಯಂತ್ರದಲ್ಲಿ ಓಡದು. ತವರಿಗೆಂದೇ ಕಂಪೈಲ್ ಮಾಡಿ ಓಡಿಸಿದರೆ ಬರುವುದು ತವರಿನ ಉತ್ತರ. ಮಂಗಳೂರಿನ ಸೇರನ್ನು ಅಳೆದು ಕಾಸರಗೋಡಿನ ಸೇರಿನ ಲೆಕ್ಕ ಬರೆದಂತೆ.

ಇದಕ್ಕೆ ಆಟೊಕಾನ್ಫ್ ಎಂಬ ಸಾಧನವನ್ನು ರೂಪಿಸಿದವರು ಕಂಡುಕೊಂಡ ಉಪಾಯ ಮನೋಹರವಾದುದು. ಗುರಿ ಯಂತ್ರವು ಎದುರಿಗಿಲ್ಲದಿದ್ದರೂ ಅದರ ಕಂಪೈಲರ್ ನಮ್ಮ ಬಳಿ ಇದೆ. ಆ ಕಂಪೈಲರ್‌ಗೆ ಗಾತ್ರಗಳೆಲ್ಲ ತಿಳಿದಿವೆ. ಅದರ ಬಾಯಿಯಿಂದ ಉತ್ತರ ಹೊರಡಿಸುವುದು ಹೇಗೆ? ಒಂದು ಪಟ್ಟಿಯನ್ನು ಘೋಷಿಸಿ, ‘ಲಾಂಗ್ ನಾಲ್ಕು ಬೈಟ್ ಅಥವಾ ಅದಕ್ಕೂ ಕಡಿಮೆ’ ಎಂಬ ಮಾತು ನಿಜವಾದರೆ ಆ ಪಟ್ಟಿಯ ಉದ್ದ ಒಂದು, ಸುಳ್ಳಾದರೆ ಋಣ ಒಂದು ಆಗುವಂತೆ ಬರೆಯುತ್ತಾರೆ. ಋಣ ಉದ್ದದ ಪಟ್ಟಿ ಇರಲಾರದು. ಮಾತು ಸುಳ್ಳಾದರೆ ಕಂಪೈಲರ್ ಒಪ್ಪದೆ ನಿಲ್ಲುತ್ತದೆ. ನಿಂತರೆ ‘ಇಲ್ಲ’, ನಿಲ್ಲದಿದ್ದರೆ ‘ಹೌದು’. ಹೀಗೆ ಹೌದು–ಇಲ್ಲಗಳ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿ, ಯಂತ್ರವನ್ನು ಮುಟ್ಟದೆಯೇ ಅದರ ಅಳತೆಯನ್ನು ತಿಳಿಯಬಹುದು. ಮಕ್ಕಳು ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ‘ಇದಕ್ಕಿಂತ ಹೆಚ್ಚೇ, ಕಡಿಮೆಯೇ?’ ಎಂದು ಕೇಳಿ ಕಂಡುಹಿಡಿಯುವ ಆಟ ಇದುವೇ.

ಆತುರದವರು ಈ ಉತ್ತರಗಳನ್ನು ಕೈಯಿಂದ ಬರೆದುಕೊಡುವುದುಂಟು. ಹಿಂದೊಮ್ಮೆ ತವರು ಯಂತ್ರಕ್ಕಾಗಿ ತಯಾರಾದ ಉತ್ತರಗಳ ಕಡತವನ್ನೇ ಮತ್ತೆ ಬಳಸುವುದೂ ಉಂಟು. ಆಗ ಕ್ರಮವಿಧಿಯು ಲಾಂಗ್ ಎಂಟು ಬೈಟ್ ಎಂದು ನಂಬಿರುತ್ತದೆ, ಯಂತ್ರವು ನಾಲ್ಕೇ ಬೈಟ್ ಕೊಡುತ್ತದೆ. ಪಕ್ಕದ ಪಾತ್ರೆಯ ನಾಲ್ಕು ಬೈಟ್‌ಗಳ ಮೇಲೆ ಬರೆದುಹೋಗುತ್ತದೆ. ದೋಷವು ಒಂದು ಕಡೆ, ಅದು ತೋರಿಬರುವುದು ಇನ್ನೊಂದು ಕಡೆ.

ಏರಿಯಾನ್ 5ರ ಪಾಠ

ಪಾತ್ರೆಯ ಗಾತ್ರದ ವಿಷಯ ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ 1996ರ ಜೂನ್ 4ರಂದು ನಡೆದ ಘಟನೆ ಸಾಕ್ಷಿ. ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟಕ್ಕೆ ಹೊರಟಿತು. ಸುಮಾರು 40 ಸೆಕೆಂಡುಗಳಲ್ಲಿ, ಸುಮಾರು 3,700 ಮೀಟರ್ ಎತ್ತರದಲ್ಲಿ ದಾರಿ ತಪ್ಪಿ, ಮುರಿದು ಸ್ಫೋಟಿಸಿತು. ಅದರೊಡನೆ ಕ್ಲಸ್ಟರ್ ಎಂಬ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ನಾಶವಾದವು. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಳಿ ಕಾರಣವನ್ನು ಬಿಡಿಸಿ ಹೇಳಿತು.

ರಾಕೆಟ್ಟಿನ ದಿಕ್ಕು ಮತ್ತು ಚಲನೆಯನ್ನು ಅಳೆಯುವ ಘಟಕದ ಕ್ರಮವಿಧಿಯು ಹಿಂದಿನ ಏರಿಯಾನ್ 4ರಿಂದ ಬಂದುದಾಗಿತ್ತು. ಅಡ್ಡದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು ಅದು 16 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕವಾಗಿ ಮಾರ್ಪಡಿಸುತ್ತಿತ್ತು. ಏರಿಯಾನ್ 4ರ ಹಾರಾಟದಲ್ಲಿ ಅದು ಎಂದೂ 32,767ನ್ನು ದಾಟುವಂತಿರಲಿಲ್ಲ. ಏರಿಯಾನ್ 5ರ ಆರಂಭದ ಪಥವೇ ಬೇರೆ, ಅದರ ಅಡ್ಡವೇಗ ಬಹಳ ಹೆಚ್ಚು. ಸಂಖ್ಯೆ ಪಾತ್ರೆಯನ್ನು ಮೀರಿತು, ಘಟಕ ನಿಂತಿತು. ಆಪತ್ಕಾಲಕ್ಕೆಂದಿದ್ದ ಎರಡನೆಯ ಘಟಕದಲ್ಲಿಯೂ ಅದೇ ಕ್ರಮವಿಧಿಯಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತಿತ್ತು. ಹೀಗೆ ಮೀರಬಹುದಾದ ಏಳು ಸಂಖ್ಯೆಗಳನ್ನು ಗುರುತಿಸಿ ನಾಲ್ಕಕ್ಕೆ ರಕ್ಷಣೆ ನೀಡಿದ್ದರು, ಮೂರನ್ನು ಬಿಟ್ಟಿದ್ದರು. ಆ ಮೂರರಲ್ಲೊಂದು ರಾಕೆಟ್ಟನ್ನು ಕೆಡವಿತು. ಇನ್ನೂ ವಿಷಾದದ ಸಂಗತಿಯೆಂದರೆ, ಆ ಲೆಕ್ಕವು ಏರಿಯಾನ್ 5 ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ.

ಇಲ್ಲಿ ಚಿಪ್ಪಿನ ಭೇದವಲ್ಲ, ವಾಹನದ ಭೇದ. ಆದರೂ ಪಾಠ ಒಂದೇ: ಕ್ರಮವಿಧಿಯನ್ನು ಹೊಸ ಮನೆಗೆ ಒಯ್ಯುವಾಗ ಹಳೆಯ ಮನೆಯಲ್ಲಿ ಯಾರೂ ಬರೆದಿಡದೆ ನಂಬಿಕೊಂಡಿದ್ದ ಮಿತಿಗಳನ್ನು ಹುಡುಕಿ ಪರೀಕ್ಷಿಸಬೇಕು.

2038ರ ಜನವರಿ 19

ಈ ಸಮಸ್ಯೆಯ ಅತಿ ವ್ಯಾಪಕ ರೂಪ ಇನ್ನೂ ಮುಂದಿದೆ. ಯೂನಿಕ್ಸ್ ಪರಂಪರೆಯ ಗಣಕಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. ಹಳೆಯ 32 ಬಿಟ್ ಯಂತ್ರಗಳಲ್ಲಿ ಇದರ ಪಾತ್ರೆ 32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕ. 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಂತೆ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅದು ತುಂಬುತ್ತದೆ. ಮರುಕ್ಷಣ ಅಂಥ ಯಂತ್ರವು 1901ರ ಡಿಸೆಂಬರ್‌ಗೆ ಹಿಂದೆ ಹೋಗುತ್ತದೆ. ನಮ್ಮ ಶಾಲೆಯ ಮಕ್ಕಳು ಪುಸ್ತಕದ ಚೀಲ ಹೊತ್ತು ಮನೆಯಿಂದ ಹೊರಡುವ ಹೊತ್ತು ಅದು.

ಪರಿಹಾರ ತಿಳಿದೇ ಇದೆ: ಕಾಲದ ಪಾತ್ರೆಯನ್ನು 64 ಬಿಟ್‌ಗೆ ಹಿಗ್ಗಿಸುವುದು. 32 ಬಿಟ್ ಯಂತ್ರಗಳಿಗೂ ಇದು ಸಾಧ್ಯವಾಗುವಂತೆ ಲಿನಕ್ಸ್‌ನ ತಿರುಳಿನಲ್ಲಿ ನಡೆದ ಕೆಲಸ 2020ರ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಆದರೆ ತಿರುಳು ಬದಲಾದರೆ ಸಾಲದು. ಒಂದು ಕ್ರಮವಿಧಿಯು ಕಾಲಕ್ಕೆ ಎಂಟು ಬೈಟ್ ಎಂದುಕೊಂಡು, ಅದು ಬಳಸುವ ಗ್ರಂಥಾಲಯವು ನಾಲ್ಕು ಬೈಟ್ ಎಂದುಕೊಂಡರೆ ಮಳೆಯ ದಾಖಲೆಗೆ ಆದ ಗತಿಯೇ ಆಗುತ್ತದೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಮತ್ತೆ ಕಂಪೈಲ್ ಮಾಡಬೇಕು. ಡೆಬಿಯನ್ ಸಮುದಾಯದವರು 32 ಬಿಟ್‌ನ ಎಆರ್‌ಎಂ ಯಂತ್ರಗಳಿಗಾಗಿ ಇದನ್ನು ಮಾಡಿ 2025ರಲ್ಲಿ ತಮ್ಮ 13ನೆಯ ಆವೃತ್ತಿಯನ್ನು ಹೊರತಂದರು. ಹಳೆಯ 32 ಬಿಟ್ ಇಂಟೆಲ್ ಯಂತ್ರಗಳಿಗೆ ಮಾತ್ರ ಹಿಂದಿನ ಅಳತೆಯನ್ನೇ ಉಳಿಸಿದರು. ಆಗಲೇ ಕಂಪೈಲಾಗಿರುವ ಹಳೆಯ ಕ್ರಮವಿಧಿಗಳು ಓಡುತ್ತಿರಲೆಂಬುದೇ ಅದಕ್ಕೆ ಕಾರಣ.

ಮೇಜಿನ ಮೇಲಿನ ಗಣಕಗಳು ಅಷ್ಟರಲ್ಲಿ ಬದಲಾಗಿರುತ್ತವೆ. ಚಿಂತೆ ಇರುವುದು ಗೋಡೆಯಲ್ಲಿ, ಕಂಬದಲ್ಲಿ, ತೋಟದ ಪಂಪಿನ ಮನೆಯಲ್ಲಿ ಮರೆತುಹೋಗಿ ಕುಳಿತಿರುವ ಪುಟ್ಟ ಯಂತ್ರಗಳ ಬಗ್ಗೆ. ಇಂಥವು ಹತ್ತು ಹದಿನೈದು ವರ್ಷ ಬಾಳುವುದು ಅಪರೂಪವಲ್ಲ. ಇಂದು ಅಳವಡಿಸುವವನು ಕೇಳದಿದ್ದರೆ ಅಂದು ಉತ್ತರಿಸುವವನು ಇರುವುದಿಲ್ಲ.

ನೆನಪಿಡಬೇಕಾದ ನಿಯಮಗಳು

ಮೊದಲನೆಯದಾಗಿ, ಗಾತ್ರ ಮುಖ್ಯವಾದಲ್ಲಿ ಇಂಟ್, ಲಾಂಗ್ ಎಂಬ ಊರಿನ ಸೇರುಗಳನ್ನು ಬಿಟ್ಟು, 1999ರ ಪ್ರಮಾಣ ಗ್ರಂಥ ನೀಡಿದ ‘ಇಂಟ್ 16’, ‘ಇಂಟ್ 32’, ‘ಇಂಟ್ 64’ ಬಗೆಯ ಹೆಸರುಗಳನ್ನು ಬಳಸಬೇಕು. ಇವು ಲೀಟರಿನಂತೆ, ಬಿಟ್‌ಗಳ ಸಂಖ್ಯೆ ಹೆಸರಿನಲ್ಲಿಯೇ ಇದೆ. ಎರಡನೆಯದಾಗಿ, ವಿಳಾಸಗಳನ್ನು ಪೂರ್ಣಾಂಕವಾಗಿ ಇಡಬೇಕಾದರೆ ಅದಕ್ಕೆಂದೇ ಇರುವ ಪಾತ್ರೆಯಲ್ಲಿ ಮಾತ್ರ ಇಡಬೇಕು. ಮೂರನೆಯದಾಗಿ, ಕಡತಕ್ಕೋ ತಂತಿಗೋ ಬರೆಯುವಾಗ ಪಾತ್ರೆಯನ್ನು ಇದ್ದಂತೆ ಸುರಿಯದೆ, ಎಷ್ಟು ಬೈಟ್, ಯಾವ ಕ್ರಮ ಎಂದು ಗೊತ್ತುಪಡಿಸಿ ಒಂದೊಂದೇ ಬೈಟ್ ಬರೆಯಬೇಕು. ನಾಲ್ಕನೆಯದಾಗಿ, ಮನಸ್ಸಿನಲ್ಲಿರುವ ನಂಬಿಕೆಯನ್ನು ಕ್ರಮವಿಧಿಯಲ್ಲಿಯೇ ಬರೆಯಬೇಕು. 2011ರಿಂದ ‘ಸಿ’ ಭಾಷೆಯಲ್ಲಿ ಇದಕ್ಕೆ ಅವಕಾಶವಿದ್ದು, ನಂಬಿಕೆ ಸುಳ್ಳಾದರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಐದನೆಯದಾಗಿ, ಕಂಪೈಲರ್ ನೀಡುವ ಎಚ್ಚರಿಕೆಗಳನ್ನೆಲ್ಲ ತೆರೆದಿಟ್ಟು ಓದಬೇಕು. ಕೊನೆಯದಾಗಿ, ಪರೀಕ್ಷೆಯು ಗುರಿ ಯಂತ್ರದಲ್ಲಿಯೇ, ಅತಿ ದೊಡ್ಡ ಸಂಖ್ಯೆಗಳೊಡನೆಯೇ ನಡೆಯಬೇಕು.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಮೇಲೆ ಹೇಳಿದ ಪಂಪಿನ ತಿರುಗಣೆಯನ್ನು 10 ನಿಮಿಷಕ್ಕೆ ಇಟ್ಟರೆ ಪಂಪು ಎಷ್ಟು ಹೊತ್ತು ನಡೆಯುತ್ತದೆ? 6,00,000ದಿಂದ 65,536ನ್ನು ಒಂಬತ್ತು ಬಾರಿ ಕಳೆದು ನೋಡಿರಿ. ಉತ್ತರ ಹತ್ತು ಸೆಕೆಂಡಿಗೆ ಸಮೀಪವಾಗಿ ಬಂದರೆ ನಿಮ್ಮ ಲೆಕ್ಕ ಸರಿ.

2. ಚಿಹ್ನೆರಹಿತ 32 ಬಿಟ್ ಪಾತ್ರೆಯಲ್ಲಿ 1970ರಿಂದ ಸೆಕೆಂಡುಗಳನ್ನು ಎಣಿಸಿದರೆ ಅದು ಯಾವ ವರ್ಷದಲ್ಲಿ ತುಂಬುತ್ತದೆ? ಹಾಗೆ ಮಾಡಿದರೆ 1970ಕ್ಕಿಂತ ಹಿಂದೆ ಹುಟ್ಟಿದ ನಿಮ್ಮ ಅಜ್ಜ ಅಜ್ಜಿಯರ ಜನ್ಮದಿನಕ್ಕೆ ಏನಾಗುತ್ತದೆ?

3. ನಿಮ್ಮ ಮನೆಯಲ್ಲಿ ಕಾಲವನ್ನು ಎಣಿಸುವ ಯಂತ್ರಗಳು ಯಾವುವು, 2038ರಲ್ಲಿ ಅವುಗಳಲ್ಲಿ ಯಾವುವು ಇನ್ನೂ ಇದ್ದಾವು ಎಂಬುದರ ಪಟ್ಟಿ ಮಾಡಿರಿ.

ಮೂರನೆಯ ಪ್ರಶ್ನೆಗೆ ಉತ್ತರ ಈ ಲೇಖಕನಲ್ಲಿಲ್ಲ. ಅದು ನಿಮ್ಮ ಮನೆಯಲ್ಲಿದೆ. ಐವತ್ತು ವರ್ಷಗಳಿಂದ ಈ ಶಾಲೆಯು ಗಡಿಯಾಚೆಗೆ ಹೋಗಿ ಬದುಕು ಕಟ್ಟಬೇಕಾದ ಮಕ್ಕಳಿಗೆ ತಾಯ್ನುಡಿಯಲ್ಲಿ ಲೆಕ್ಕ ಕಲಿಸಿದೆ. ಹೊಸ ಊರಿನಲ್ಲಿ ಹಳೆಯ ಹೆಸರು ಕೇಳಿದಾಗ ಅಲ್ಲಿನ ಅಳತೆಯನ್ನೂ ವಿಚಾರಿಸುವ ವಿವೇಕ ಆ ಕಲಿಕೆಯ ಒಂದು ಭಾಗ. ಈ ಅಭ್ಯಾಸದ ಪಟ್ಟಿಗಳನ್ನು ಮಕ್ಕಳು ತರಗತಿಗೆ ತಂದರೆ, ಅಧ್ಯಾಪಕರು ಅವುಗಳನ್ನು ಶಾಲೆಯಲ್ಲಿ ಕಾಪಿಟ್ಟು 2037ರಲ್ಲಿ ಒಮ್ಮೆ ತೆರೆದು ನೋಡಲಿ.